ತಪ್ಪು ಗುಂಪು

ಆ ಆಸ್ಪತ್ರೆಯ ರಕ್ತನಿಧಿಯಲ್ಲಿ ಹನ್ನೊಂದು ವರ್ಷ ಎಲ್ಲರೂ ಅವಳನ್ನು ಹದ್ದುಗಣ್ಣು ಎಂದು ಕರೆಯುತ್ತಿದ್ದರು. ಗಾಜಿನ ಪಟ್ಟಿಯ ಮೇಲೆ ಪರೀಕ್ಷೆಯ ದ್ರವದೊಡನೆ ಬೆರೆಸಿದ ರಕ್ತ ಮರಳಿನಂತೆ ಒಡೆಯುತ್ತದೋ ಇಲ್ಲವೋ ಎಂದು ಬೇರೆ ಟೆಕ್ನಿಷಿಯನ್ನರು ಬೆಳಕಿಗೆ ಹಿಡಿದು ನೋಡುವಷ್ಟರಲ್ಲಿ ಅವಳು ರಕ್ತದ ಗುಂಪು ಬರೆದು, ಸಹಿ ಹಾಕಿ, ಮುಂದಿನ ಟ್ಯೂಬಿಗೆ ಕೈ ಹಾಕಿರುತ್ತಿದ್ದಳು. ಆ ಹೆಸರು ಒಂದೇ ಮಧ್ಯಾಹ್ನದಲ್ಲಿ ಹೋಯಿತು. ಆಮೇಲೆ ಆರು ವರ್ಷ ಅವಳು ‘ತಪ್ಪು ಗುಂಪು’.

ನಡೆದದ್ದು ಇಷ್ಟು. ಗಡಿಯಾರ ರಿಪೇರಿ ಮಾಡುವ ಒಬ್ಬ ಗಂಡಸು, ನಲವತ್ತು ದಾಟಿರಲಿಲ್ಲ, ಹೊಟ್ಟೆಯ ಹುಣ್ಣು ಒಡೆದು ರಕ್ತ ಕಾರುತ್ತಾ ಬಂದ. ಅವನಿಗೆ ಒಂದು ಚೀಲ ಪ್ಲಾಸ್ಮಾ ಏರಿಸಿದರು. ರಕ್ತದಿಂದ ಕಣಗಳನ್ನು ಬೇರ್ಪಡಿಸಿದ ಮೇಲೆ ಉಳಿಯುವ ಹಳದಿ ನೀರು ಅದು. ಹೆಪ್ಪುಗಟ್ಟಲು ಸಹಾಯ ಮಾಡುತ್ತದೆ. ಹುಣ್ಣಿನ ರಕ್ತ ನಿಂತಿತು. ಆದರೆ ಚೀಲ ಖಾಲಿಯಾದ ಗಂಟೆಯೊಳಗೆ ಅವನಿಗೆ ಉಸಿರು ಸಿಕ್ಕಿಕೊಂಡಿತು, ಬಾಯಲ್ಲಿ ನೊರೆ ಬಂತು, ಸಂಜೆಗೆ ಜೀವ ಹೋಯಿತು.

ರಕ್ತನಿಧಿಯ ಮುಖ್ಯಸ್ಥರನ್ನು ಎಲ್ಲರೂ ದೊಡ್ಡ ಡಾಕ್ಟರು ಎನ್ನುತ್ತಿದ್ದರು. ಕಾರಣ ಹುಡುಕುವುದಕ್ಕಿಂತ ಆಳು ಹುಡುಕುವುದು ಸುಲಭ ಎಂಬುದು ಅವರಿಗೆ ಗೊತ್ತಿತ್ತು. ವಾರ್ಡಿನ ಬಾಗಿಲಲ್ಲಿ, ಸತ್ತವನ ಹೆಂಡತಿಯ ಎದುರಿನಲ್ಲೇ ಹೇಳಿಬಿಟ್ಟರು: “ನಮ್ಮ ಟೆಕ್ನಿಷಿಯನ್ನು ಗುಂಪು ತಪ್ಪಾಗಿ ನೋಡಿದ್ದಾರೆ. ಕ್ರಮ ತಗೋತೀವಿ.”

ಆ ಹೆಂಗಸು ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಹೊಲಿಯುವವಳು. ಬೆರಳಲ್ಲಿ ಬಲವಿತ್ತು. ಹದ್ದುಗಣ್ಣಿನ ಬಿಳಿ ಕೋಟಿನ ಕಾಲರು ಹಿಡಿದು ಎಳೆದಳು. ಎರಡು ಗುಂಡಿ ಕಿತ್ತು ನೆಲಕ್ಕೆ ಬಿದ್ದವು. “ಒಂದು ಗುಂಪು ನೋಡೋಕೆ ಬರಲ್ವೇನೇ ನಿಂಗೆ” ಎಂದಳು. ಸುತ್ತ ಇಪ್ಪತ್ತು ಜನ ನಿಂತಿದ್ದರು.

ಗುಂಪು ತಪ್ಪಿರಲಿಲ್ಲ. ಅದೇ ದಿನ ಅವಳು ಸತ್ತವನ ಮಾದರಿಯನ್ನೂ, ಪ್ಲಾಸ್ಮಾ ಚೀಲದ ಬಾಲಕ್ಕೆ ಅಂಟಿಕೊಂಡ ಬೆರಳುದ್ದದ ನಳಿಕೆಯನ್ನೂ ತೆಗೆದು ಮತ್ತೆ ಪರೀಕ್ಷೆ ಮಾಡಿದಳು. ಎರಡೂ ಹೊಂದಿಕೆಯಾದವು. ದೊಡ್ಡ ಡಾಕ್ಟರ ಮೇಜಿನ ಮೇಲೆ ಗಾಜಿನ ಪಟ್ಟಿ ಇಟ್ಟಳು. ಅವರು ಕಣ್ಣೆತ್ತಿಯೂ ನೋಡಲಿಲ್ಲ.

“ಟ್ಯೂಬು ಬದಲಾಯಿಸೋಕೆ ಎಷ್ಟು ಹೊತ್ತು ಬೇಕಮ್ಮ?” ಎಂದರು.

ಆ ಮಾತು ಅವಳ ಎದೆಯಲ್ಲಿ ಮೀನಿನ ಮುಳ್ಳಿನ ಹಾಗೆ ಕೂತಿತು. ಎರಡು ದಿನದಲ್ಲಿ ತಪ್ಪು ಅವಳದೇ ಎಂಬ ಆದೇಶ ನೋಟಿಸ್ ಬೋರ್ಡಿನಲ್ಲಿತ್ತು. ಅವಳನ್ನು ನೆಲಮಾಳಿಗೆಯ ಉಗ್ರಾಣಕ್ಕೆ ಹಾಕಿದರು: ಗಾಜು ತೊಳೆಯುವುದು, ಹಳೆಯ ಫ್ರೀಜರುಗಳ ಉಷ್ಣತೆ ಬರೆದಿಡುವುದು. ಅಲ್ಲಿನ ಮೂರನೆಯ ಫ್ರೀಜರಿನ ತಳದಲ್ಲಿ, ಯಾರೂ ತೆರೆಯದ ಡಬ್ಬಿಯೊಂದರಲ್ಲಿ, ಅವಳು ಆ ಎರಡು ಮಾದರಿಗಳನ್ನು ಸುತ್ತಿ ಇಟ್ಟಳು. ಯಾಕೆ ಎಂದು ಆಗ ಅವಳಿಗೂ ಗೊತ್ತಿರಲಿಲ್ಲ. ಒಂದು ದಿನ ಆ ಮನುಷ್ಯನ ಗಂಟಲಿಗೆ ಇವನ್ನೇ ತುರುಕಬೇಕು ಎಂದಷ್ಟೇ ಗೊತ್ತಿತ್ತು.

ಮನೆಯಲ್ಲಿ ಇದ್ದವರು ಅವಳು ಮತ್ತು ಅತ್ತೆ. ಗಂಡ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಅತ್ತೆಗೆ ಹಲ್ಲು ನಾಲ್ಕೇ ಉಳಿದಿದ್ದರೂ ನಾಲಿಗೆ ಪೂರ್ತಿ ಇತ್ತು.

“ಹೋಗಲಿ ಬಿಡು ಅಂತ ನಾನಂತೂ ಹೇಳಲ್ಲ” ಎಂದಿತು ಮುದುಕಿ. “ಬಿಟ್ಟವರೆಲ್ಲ ಏನು ಕಡಿದು ಕಟ್ಟೆ ಹಾಕಿದ್ದಾರೆ? ಆದ್ರೆ ಕೂಗಾಡಬೇಡ. ಸಿಟ್ಟಿಗೂ ಉಪ್ಪು ಹಾಕಿ ಜಾಡಿಯಲ್ಲಿ ಇಟ್ರೆ ಕೆಡಲ್ಲ.”

ಸೊಸೆ ಹಾಗೆಯೇ ಇಟ್ಟಳು. ನಾಲ್ಕು ವರ್ಷ ಗಾಜು ತೊಳೆದಳು. ಮೇಲಿನವರು ಸಾಮಾನು ಬೇಕಾದಾಗ ಮೆಟ್ಟಿಲ ಮೇಲಿನಿಂದಲೇ “ತಪ್ಪು ಗುಂಪೂ” ಎಂದು ಕೂಗಿದರೆ ಹೋಗಿ ಕೊಟ್ಟು ಬರುತ್ತಿದ್ದಳು. ದೊಡ್ಡ ಡಾಕ್ಟರು ಎದುರಾದರೆ ನಮಸ್ಕಾರ ಹಾಕುತ್ತಿದ್ದಳು. ಒಂದು ದಿನವೂ ತಪ್ಪಿಸಲಿಲ್ಲ.

ಐದನೆಯ ವರ್ಷ ಹೊಸದಾಗಿ ಒಬ್ಬ ಡಾಕ್ಟರಮ್ಮ ಬಂದರು. ಚಿಕ್ಕ ವಯಸ್ಸು, ದೊಡ್ಡ ಕನ್ನಡಕ. ಐನೂರು ರಕ್ತದಾನಿಗಳ ಬಿಳಿ ಕಣಗಳ ಗುರುತುಗಳನ್ನು ಲೆಕ್ಕ ಹಾಕುವ ಕೆಲಸ ಅವರದು. ಸಹಾಯಕ್ಕೆ ಒಬ್ಬರು ಬೇಕೆಂದಾಗ ಯಾರೂ ಮುಂದೆ ಬರಲಿಲ್ಲ. ಹೆಚ್ಚು ಕೆಲಸ, ಹೆಸರು ಬರುವುದು ಇನ್ನೊಬ್ಬರಿಗೆ. ಕೊನೆಗೆ ಎಲ್ಲರೂ ನಗುತ್ತಾ ನೆಲಮಾಳಿಗೆಯ ಕಡೆ ಬೆರಳು ತೋರಿಸಿದರು.

ಮೊದಲ ವಾರ ಡಾಕ್ಟರಮ್ಮ ಕೆಲಸ ವಿವರಿಸಿದರು.

“ಕೆಂಪು ಕಣದ ಗುಂಪು ಎಲ್ಲರಿಗೂ ಗೊತ್ತು. ಬಿಳಿ ಕಣದ ಮೇಲೂ ಅಂಥ ಗುರುತುಗಳಿವೆ ಅಕ್ಕ. ಅಪ್ಪ ಅಮ್ಮನಿಂದ ಬರ್ತವೆ. ವಂಶವಾಹಿಯಲ್ಲಿ ಒಂದೇ ಒಂದು ಅಕ್ಷರ ಬೇರೆ ಇದ್ರೂ ಸಾಕು, ಗುರುತು ಬೇರೆ. ನಾವು ಹುಡುಕೋ ಈ ಒಂದು ಗುರುತು ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಜನಕ್ಕೆ ಇರುತ್ತೆ. ಇಲ್ಲದವರು ಕೆಲವೇ ಜನ.”

“ಇಲ್ಲದಿದ್ರೆ ಏನಾಗುತ್ತೆ?”

“ಅವರಿಗೇನೂ ಆಗಲ್ಲ. ಆದ್ರೆ ಗುರುತಿಲ್ಲದ ಹೆಂಗಸು ಗರ್ಭಿಣಿ ಆದಾಗ, ಮಗುವಿಗೆ ಅಪ್ಪನ ಕಡೆಯಿಂದ ಆ ಗುರುತು ಬಂದಿರುತ್ತೆ ಅಂತಿಟ್ಕೊಳ್ಳಿ. ತಾಯಿ ಮೈ ಅದನ್ನ ಪರಕೀಯ ಅಂದ್ಕೊಂಡು ಅದರ ವಿರುದ್ಧ ಪ್ರತಿಕಾಯ ತಯಾರಿಸಬಹುದು. ಅದು ಅವರ ಪ್ಲಾಸ್ಮಾದಲ್ಲಿ ವರ್ಷಗಟ್ಟಲೆ ಉಳಿಯುತ್ತೆ. ಆ ಪ್ಲಾಸ್ಮಾನ ಗುರುತು ಇರೋ ರೋಗಿಗೆ ಕೊಟ್ರೆ, ರೋಗಿಯ ಬಿಳಿ ಕಣಗಳೆಲ್ಲ ಮುದ್ದೆಯಾಗಿ ಶ್ವಾಸಕೋಶದಲ್ಲಿ ಸಿಕ್ಕಿಕೊಳ್ತವೆ. ಗಂಟೆ ಎರಡು ಗಂಟೆಯಲ್ಲಿ ಉಸಿರು ಕಟ್ಟುತ್ತೆ, ನೊರೆ ಬರುತ್ತೆ. ಕೆಂಪು ಗುಂಪು ಸರಿಯಾಗೇ ಇರುತ್ತೆ.”

ಅವಳು ಟ್ಯೂಬುಗಳ ತಟ್ಟೆಯನ್ನು ಮೇಜಿನ ಮೇಲಿಟ್ಟು ಸ್ಟೂಲು ಎಳೆದುಕೊಂಡು ಕೂತಳು.

“ಯಾಕಕ್ಕ, ಸುಸ್ತಾಯ್ತಾ?”

“ಇಲ್ಲ ಮೇಡಂ. ಇನ್ನೊಂದ್ಸಲ ಹೇಳಿ.”

ಆ ದಿನದಿಂದ ಅವಳ ಹಳೆಯ ವೇಗ ಮರಳಿತು. ದಾನಿಗಳ ತೋಳಿನಿಂದ ರಕ್ತ ತೆಗೆದಳು, ವಂಶವಾಹಿ ಬೇರ್ಪಡಿಸಿದಳು, ಕತ್ತಲೆ ಕೋಣೆಯಲ್ಲಿ ಹೊಳೆಯುವ ಗೆರೆಗಳನ್ನು ಓದಿದಳು. ಒಂದು ಗೆರೆ ಇದ್ದರೆ ಗುರುತು ಇದೆ, ಇಲ್ಲದಿದ್ದರೆ ಇಲ್ಲ. ಹತ್ತು ತಿಂಗಳಲ್ಲಿ ಐನೂರು ಮುಗಿಯಿತು. ಗುರುತಿಲ್ಲದವರು ಇಪ್ಪತ್ತಮೂರು ಜನ. ಅವರಲ್ಲಿ ಹೆತ್ತ ತಾಯಂದಿರು ಒಂಬತ್ತು. ಆ ಒಂಬತ್ತರಲ್ಲಿ ಪ್ರತಿಕಾಯ ಸಿಕ್ಕಿದ್ದು ಒಬ್ಬರಲ್ಲಿ ಮಾತ್ರ.

ಅಷ್ಟಾದ ಮೇಲೆ ಅವಳು ಡಾಕ್ಟರಮ್ಮನ ಮುಂದೆ ತನ್ನ ಡಬ್ಬಿ ಇಟ್ಟು, ನಡೆದದ್ದನ್ನು ಮೊದಲಿನಿಂದ ಹೇಳಿದಳು. ಡಾಕ್ಟರಮ್ಮ ಡಬ್ಬಿಯನ್ನು ಹತ್ತಿರ ಎಳೆದುಕೊಂಡರು. ಆಮೇಲೆ ಕೈಗವಸು ಹಾಕಿಕೊಂಡರು.

ಸತ್ತವನ ರಕ್ತದಲ್ಲಿ ಗುರುತು ಇತ್ತು. ನಳಿಕೆಯ ಹಳದಿ ಹನಿಯನ್ನು ಗುರುತಿಲ್ಲದವರ ಬಿಳಿ ಕಣಗಳಿಗೆ ಬೆರೆಸಿದಾಗ ಕಣಗಳು ಬಿಡಿಬಿಡಿಯಾಗಿಯೇ ಉಳಿದವು. ಗುರುತು ಇದ್ದವರ ಕಣಗಳಿಗೆ ಬೆರೆಸಿದಾಗ ಎಲ್ಲವೂ ಒಂದಕ್ಕೊಂದು ಅಂಟಿಕೊಂಡು ಗೊಂಚಲಾದವು. ಮೈಕ್ರೋಸ್ಕೋಪಿನಲ್ಲಿ ಅದನ್ನು ನೋಡಿದಾಗ ಅವಳಿಗೆ ಅಳು ಬರಲಿಲ್ಲ. ಹಸಿದವರಿಗೆ ಅಡುಗೆಯ ವಾಸನೆ ಬಂದ ಹಾಗಿತ್ತು.

ಅದಕ್ಕಿಂತ ದೊಡ್ಡ ವಿಷಯ ಇನ್ನೊಂದಿತ್ತು. ಅದರ ಬಗ್ಗೆ ಅವಳು ಬಾಯಿ ಬಿಡಲಿಲ್ಲ. ದಾನಿಗಳ ಹೆಸರಿನ ರಿಜಿಸ್ಟರು ದೊಡ್ಡ ಡಾಕ್ಟರ ಬೀರುವಿನಲ್ಲಿ ಬೀಗದೊಳಗೆ ಇರುತ್ತಿತ್ತು. ಬೇರೆಯವರ ಕೈಗೆ ನಂಬರು ಮಾತ್ರ. ಆದರೆ ಸಮೀಕ್ಷೆಗೆ ಬಂದವರ ತೋಳು ಹಿಡಿದವಳು ಅವಳೇ. ನಳಿಕೆಯ ಮೇಲಿದ್ದ ದಾನಿಯ ನಂಬರೂ, ಪ್ರತಿಕಾಯ ಸಿಕ್ಕ ಆ ಒಬ್ಬರ ಕಾರ್ಡಿನ ನಂಬರೂ ಒಂದೇ. ಆ ಕಾರ್ಡು ಯಾರದೆಂದು ಅವಳಿಗೆ ಚೆನ್ನಾಗಿ ನೆನಪಿತ್ತು. ರಕ್ತನಿಧಿಯ ಗೋಡೆಯ ಮೇಲೆ ಆಳೆತ್ತರದ ಫೋಟೋದಲ್ಲಿ ತೋಳು ಚಾಚಿ ನಗುತ್ತಿದ್ದ, ಇಪ್ಪತ್ತಾರು ಸಲ ರಕ್ತ ಕೊಟ್ಟ, ಮೂರು ಮಕ್ಕಳ ತಾಯಿ. ದೊಡ್ಡ ಡಾಕ್ಟರ ಹೆಂಡತಿ.

ಸೇಡು ಕಾಯಬಹುದು, ಚೀಲ ಕಾಯುವುದಿಲ್ಲ. ಆ ನಂಬರಿನ ಎರಡು ಚೀಲ ಪ್ಲಾಸ್ಮಾ ಇನ್ನೂ ಫ್ರೀಜರಿನಲ್ಲಿತ್ತು. ಅದೇ ಗಂಟೆಯಲ್ಲಿ ಡಾಕ್ಟರಮ್ಮನಿಂದ ಸಹಿ ಮಾಡಿಸಿ ಅವನ್ನು ಹೊರಗೆ ತೆಗೆಸಿದಳು.

“ವರದಿಯಲ್ಲಿ ನಂಬರು ಮಾತ್ರ ಹಾಕೋಣ” ಎಂದರು ಡಾಕ್ಟರಮ್ಮ. “ದಾನಿ ಯಾರು ಅಂತ ನಾವು ಹೇಳೋ ಹಾಗಿಲ್ಲ. ಪಾಪ, ಅವರ ತಪ್ಪೇನಿಲ್ಲ.”

“ನಾನ್ಯಾಕೆ ಹೇಳ್ಲಿ ಮೇಡಂ” ಎಂದಳು ಅವಳು. ಅವಳು ಹೇಳಬೇಕಾಗಿಯೇ ಇರಲಿಲ್ಲ. ದೊಡ್ಡ ಡಾಕ್ಟರನ್ನು ಅವಳು ಹದಿನೇಳು ವರ್ಷದಿಂದ ಬಲ್ಲಳು.

ರಕ್ತನಿಧಿಯಲ್ಲೇ ನಡೆದ ತಿಂಗಳ ಸಭೆಗೆ ಮೂವತ್ತು ಜನ ಸೇರಿದ್ದರು. ಮೊದಲು ಡಾಕ್ಟರಮ್ಮ ಲೆಕ್ಕಗಳನ್ನು ತೋರಿಸಿದರು. ಆಮೇಲೆ ಅವಳು ಎದ್ದು ನಿಂತು, ಆರು ವರ್ಷದ ಹಿಂದಿನ ಆ ಮಧ್ಯಾಹ್ನದಿಂದ ಶುರುಮಾಡಿ, ಗಟ್ಟಿಯಾಗಿ, ನಿಧಾನವಾಗಿ ಹೇಳಿದಳು. ಗೊಂಚಲಾದ ಕಣಗಳ ಚಿತ್ರ ಪರದೆಯ ಮೇಲಿತ್ತು.

ದೊಡ್ಡ ಡಾಕ್ಟರು ನಕ್ಕರು. “ಯಾವುದೋ ನಳಿಕೆ ತಂದು ಯಾರದ್ದೋ ತಲೆಗೆ ಕಟ್ತಿದ್ದೀರಿ. ಯಾರು ಆ ದಾನಿ?”

“ನಂಬರಿದೆ ಸಾರ್. ಹೆಸರು ಬೇಡ.”

“ಬೇಡ ಅನ್ನೋಕೆ ನೀವ್ಯಾರು? ಅಂಥ ದಾನಿ ಇದ್ದಿದ್ರೆ ನನ್ನ ಕಣ್ಣಿಗೆ ಬೀಳದೆ ಇರ್ತಿರಲಿಲ್ಲ.”

“ಬೇಡ ಸಾರ್” ಎಂದಳು ಮತ್ತೆ, ಇನ್ನೂ ಸ್ವಲ್ಪ ಗಟ್ಟಿಯಾಗಿ.

“ಸಾರ್, ನಿಯಮದ ಪ್ರಕಾರ ಹೆಸರು ಇಲ್ಲಿ...” ಎಂದು ಡಾಕ್ಟರಮ್ಮ ಎದ್ದರು.

“ನಿಯಮ ನಂಗೆ ಗೊತ್ತು.” ದೊಡ್ಡ ಡಾಕ್ಟರು ತಾವೇ ಹೋಗಿ ಬೀರು ತೆರೆದು ರಿಜಿಸ್ಟರು ತಂದರು. ಎಲ್ಲರ ಎದುರು ಮೇಜಿನ ಮೇಲೆ ಹಾಕಿ, ಪರದೆಯ ಮೇಲಿನ ನಂಬರು ಗಟ್ಟಿಯಾಗಿ ಓದುತ್ತಾ ಹಾಳೆ ತಿರುವಿದರು. ಬೆರಳು ಸಾಲುಗಳ ಮೇಲೆ ಇಳಿಯಿತು, ನಿಂತಿತು. ಕನ್ನಡಕ ತೆಗೆದರು, ಮತ್ತೆ ಹಾಕಿಕೊಂಡರು. ರಿಜಿಸ್ಟರು ಮುಚ್ಚಿದರು.

“ಓದಿ ಸಾರ್” ಎಂದಳು ಅವಳು. “ಗುಂಪು ತಪ್ಪಾ, ಸರಿಯಾ?”

ಅವರು ಓದಲಿಲ್ಲ. ಓದುವ ಅಗತ್ಯವೂ ಉಳಿದಿರಲಿಲ್ಲ; ಪಕ್ಕದಲ್ಲಿ ಕೂತಿದ್ದ ಇಬ್ಬರು ಹೆಗಲ ಮೇಲಿಂದ ಇಣುಕಿ ನೋಡಿ, ಗೋಡೆಯ ಫೋಟೋದ ಕಡೆ ತಿರುಗಿದ್ದರು.

ಅವಳು ಕೇಳಿದ್ದು ಎರಡೇ. ಹಳೆಯ ಆದೇಶ ತಪ್ಪೆಂದು ಅವರೇ ಬರೆದು ಅದೇ ಬೋರ್ಡಿಗೆ ಹಾಕಬೇಕು. ಸತ್ತವನ ಹೆಂಡತಿಯ ಮನೆಗೆ ತನ್ನ ಜೊತೆ ಅವರೇ ಬಂದು ಹೇಳಬೇಕು. ಇಲ್ಲದಿದ್ದರೆ ಮೇಲಿನ ಕಚೇರಿಗೆ ದೂರು. ಅವರು ಎರಡನ್ನೂ ಮಾಡಿದರು.

ಹೊಲಿಗೆಯವಳ ಮನೆ ಮೂರನೆಯ ಮಹಡಿಯಲ್ಲಿತ್ತು. ಅವಳು ಇಬ್ಬರನ್ನೂ ಕೂರಿಸಲಿಲ್ಲ. ದೊಡ್ಡ ಡಾಕ್ಟರು ತಡವರಿಸುತ್ತಾ ಹೇಳಿ ಮುಗಿಸುವ ತನಕ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಆಮೇಲೆ ಅವರನ್ನು ಬಿಟ್ಟು ಇವಳ ಕಡೆ ನೋಡಿದಳು.

“ನಿಮ್ಮ ಕಾಲರ್ ಹಿಡಿದಿದ್ದೆ.”

“ಹೌದು, ಹಿಡಿದಿದ್ರಿ” ಎಂದಳು ಇವಳು. ಪರವಾಗಿಲ್ಲ ಎಂದು ಹೇಳಲು ನಾಲಿಗೆ ಬರಲಿಲ್ಲ.

“ಈ ಮನುಷ್ಯ ಅವತ್ತು ನಂಗೆ ಹೇಳಿದ್ದು ಸುಳ್ಳಾ, ಇಲ್ಲ ಗೊತ್ತಿಲ್ದೆ ಹೇಳಿದ್ದಾ?”

“ಗೊತ್ತು ಮಾಡ್ಕೊಳ್ದೆ ಹೇಳಿದ್ದು.”

“ಅದು ಸುಳ್ಳಿಗಿಂತ ಕಮ್ಮಿ ಏನಲ್ಲ” ಎಂದು ಹೊಲಿಗೆಯವಳು ಬಾಗಿಲು ಹಾಕಿಕೊಂಡಳು.

ಆ ದಿನ ಮನೆಗೆ ಬಂದಾಗ ಮುದುಕಿ ಕೇಳಿತು: “ಜಾಡಿ ಖಾಲಿ ಆಯ್ತಾ?”

“ಇನ್ನೂ ತಳದಲ್ಲಿ ಸ್ವಲ್ಪ ಇದೆ ಅತ್ತೆ.”

ಮೂರನೆಯ ದಿನ ದೊಡ್ಡ ಡಾಕ್ಟರ ಹೆಂಡತಿ ಒಬ್ಬರೇ ಪ್ರಯೋಗಾಲಯಕ್ಕೆ ಬಂದರು. ಫೋಟೋದ ನಗು ಮುಖದಲ್ಲಿರಲಿಲ್ಲ. ಸ್ಟೂಲಿನ ತುದಿಯಲ್ಲಿ ಕೂತು, ಸೂಜಿ ಚುಚ್ಚಿಸಿಕೊಂಡು ಗಟ್ಟಿಯಾದ ತಮ್ಮ ಒಳಮೊಣಕೈಯನ್ನೇ ನೋಡುತ್ತಾ ಕೇಳಿದರು: “ನಾನು ಒಬ್ಬರ ಜೀವ ತೆಗ್ದೆ ಅಂತೆ. ನಿಜವಾ ತಂಗಿ?”

ಆರು ವರ್ಷ ಇವಳು ಒಬ್ಬ ಗಂಡಸಿನ ಮುಖವನ್ನಷ್ಟೇ ಕಣ್ಣೆದುರು ಇಟ್ಟುಕೊಂಡಿದ್ದಳು. ನಂಬರಿನ ಹಿಂದೆ ಇಂಥ ಒಬ್ಬ ಹೆಂಗಸು ಬಂದು ಕೂರಬಹುದು ಎಂದು ಯೋಚಿಸಿಯೇ ಇರಲಿಲ್ಲ. ನಾಚಿಕೆಯಾಯಿತು. ಆದರೆ ಮಾಡಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳಬೇಕು ಎಂದು ಆಗಲೂ ಅನ್ನಿಸಲಿಲ್ಲ.

“ನೀವು ತೆಗೀಲಿಲ್ಲ ಅಮ್ಮ. ನಿಮ್ಮ ಮೈಯಲ್ಲಿ ಅದಿದೆ ಅಂತ ನಿಮಗೆ ಗೊತ್ತಿರಲಿಲ್ಲ. ಗೊತ್ತು ಮಾಡ್ಕೊಬೇಕಾದವರು ಬೇರೆ ಇದ್ರು.”

“ಆಮೇಲೆ ಇನ್ಯಾರಿಗಾದ್ರೂ?”

ಸುಳ್ಳು ಹೇಳಬಹುದಿತ್ತು. “ಹಳೆ ಫೈಲು ತೆಗೆದು ನೋಡಿದ್ವಿ. ಎರಡು ವರ್ಷದ ಹಿಂದೆ ಒಬ್ಬರಿಗೆ ಉಸಿರು ಕಟ್ಟಿತ್ತು. ಬದುಕಿದ್ರು. ಹೃದಯದ ತೊಂದರೆ ಅಂತ ಬರೆದು ಫೈಲು ಮುಚ್ಚಿದ್ದಾರೆ.”

“ಯಾರು ಬರೆದಿದ್ದು?”

ಇವಳು ದೊಡ್ಡ ಡಾಕ್ಟರ ಕೋಣೆಯ ಕಡೆ ನೋಡಿದಳು. ಆ ತಾಯಿ ತಲೆಯಾಡಿಸಿದರು. ಆಮೇಲೆ ಗೋಡೆಯ ಫೋಟೋ ತೆಗೆಸುವಂತೆ ಹೇಳಿದರು; ತೆಗೆಯುವಾಗ ತಾವೇ ಒಂದು ತುದಿ ಹಿಡಿದರು.

ಡಾಕ್ಟರಮ್ಮ ಅವರಿಗೆ ಇನ್ನೊಂದು ವಿಷಯ ತಿಳಿಸಿದರು. ಆ ಪ್ರತಿಕಾಯ ರೋಗಿಗೆ ವಿಷ, ಆದರೆ ಪ್ರಯೋಗಾಲಯಕ್ಕೆ ಚಿನ್ನ. ಬೇರೆ ದಾನಿಗಳ ಬಿಳಿ ಕಣದಲ್ಲಿ ಗುರುತು ಇದೆಯೋ ಇಲ್ಲವೋ ಪರೀಕ್ಷಿಸಲು ಅಂಥ ರಕ್ತದ ನೀರೇ ಬೇಕು. ಕೊಳ್ಳಲು ಎಲ್ಲೂ ಸಿಗುವುದಿಲ್ಲ. ಮೂರು ತಿಂಗಳಿಗೊಮ್ಮೆ ಬಂದು ಒಂದಿಷ್ಟು ಕೊಡಲು ಆ ತಾಯಿ ಒಪ್ಪಿದರು. ಹೆತ್ತ ತಾಯಂದಿರ ಪ್ಲಾಸ್ಮಾವನ್ನು ಈ ಪರೀಕ್ಷೆಯಿಲ್ಲದೆ ಯಾರಿಗೂ ಕೊಡಬಾರದು ಎಂಬ ನಿಯಮವೂ ಆ ವರ್ಷವೇ ಬಂತು. ನೆಲಮಾಳಿಗೆಯಿಂದ ಮೇಲೆ ಬಂದ ಅವಳೇ ಆ ವಿಭಾಗಕ್ಕೆ ಹಿರಿಯಳಾದಳು.

ದೊಡ್ಡ ಡಾಕ್ಟರು ನಿವೃತ್ತರಾದರು. ಬೀಳ್ಕೊಡುಗೆಗೆ ಅವಳು ಹೋಗಲಿಲ್ಲ.

ಈಗಲೂ ಮೂರು ತಿಂಗಳಿಗೊಮ್ಮೆ ಆ ತಾಯಿ ಬರುತ್ತಾರೆ. ಕಾರು ಓಡಿಸುವುದು ಗಂಡ. ಅವರು ಒಳಗೆ ಬರುವುದಿಲ್ಲ. ಅಂಗಳದಲ್ಲಿ, ಬಿಸಿಲಿನಲ್ಲಿ ಕಾರು ನಿಲ್ಲಿಸಿಕೊಂಡು ಸ್ಟೀರಿಂಗಿನ ಮೇಲೆ ಕೈಯಿಟ್ಟು ಕೂತಿರುತ್ತಾರೆ. ರಕ್ತ ತೆಗೆಯಲು ಹತ್ತು ನಿಮಿಷ ಸಾಕು. ಅವಳು ಐವತ್ತು ನಿಮಿಷ ಮಾಡುತ್ತಾಳೆ. ಮೊದಲು ಟೀ, ಆಮೇಲೆ ಮಕ್ಕಳ ಸುದ್ದಿ, ಮಂಡಿನೋವಿನ ಸುದ್ದಿ. ಕಿಟಕಿಯಿಂದ ಆಗಾಗ ಕೆಳಗೆ ನೋಡುತ್ತಾಳೆ.

“ಅವರು ಕಾಯ್ತಿದ್ದಾರೇನೋ ತಂಗಿ” ಎನ್ನುತ್ತಾರೆ ಆ ತಾಯಿ.

“ಕಾಯ್ಲಿ ಅಮ್ಮ” ಎನ್ನುತ್ತಾಳೆ ಅವಳು. “ಇನ್ನೊಂದು ಟೀ ಹಾಕ್ತೀನಿ.”

ಆ ತಾಯಿಯೂ ಬೇಡ ಎನ್ನುವುದಿಲ್ಲ.