ಅಡ್ಡ ನಿಂತಾಂವ

ನಾ ಮದುವಿ ವಿಡಿಯೋ ತಗಿಯಾಂವ. ನಿಪ್ಪಾಣಿಯ ಒಂದು ಮದುವಿಗೆ ಡ್ರೋನ್ ಹಾರಿಸಿ, ಹಾಡು ಕೂಡಿಸಿ ಯೂಟ್ಯೂಬಿಗೆ ಹಾಕಿದ್ದೆ. ಯಾರೂ ಹೊಳ್ಳಿ ನೋಡಲಿಲ್ಲ.

ಮುಂದೊಂದಿನ ಚಿಕ್ಕೋಡಿ ಬಸ್ಸಿನ್ಯಾಗ ಬಾಜೂಕ ಕುಂತ, ಗುರ್ತಿಲ್ಲದ ಮಾವಶಿಯೊಬ್ಬರು ಅದೇ ಮದುವಿ ತೋರಿಸಿದ್ರು. ಅವರ ಮೊಬೈಲಿನ್ಯಾಗ ತಗದದ್ದು, ಬರೇ ಅಲ್ಲಾಡತಿತ್ತು. ನೆಟ್ ಇರದಿದ್ರೂ ಅದು ಬ್ಲೂಟೂತಿನ್ಯಾಗ ಅವರ ಫೋನಿನಿಂದ ಹಿಂದಿನ ಸೀಟಿಗೆ ಹೋತು, ಅಲ್ಲಿಂದ ಮುಂದಿನವರಿಗೆ, ಕಡೀಕ ಸಂಬಂಧನ ಇಲ್ಲದ ಕಂಡಕ್ಟರಗೂ. ತಗೊಂಡಾವರೆಲ್ಲಾ ಮತ್ತೊಬ್ಬರಿಗೆ ಹಂಚಾಕತ್ತಿದ್ರು. ನನ್ನ ಹೊಟ್ಟಿ ಉರದು ಹೋತು.

“ಅಕ್ಷತಾ ಬೀಳೂ ಮುಂದನ ಈ ಕ್ಯಾಮೆರಾದಾಂವ ಅಡ್ಡ ನಿಂತಾನ ನೋಡ್ರಿ!” ಅಂದ್ರು ಮಾವಶಿ.

ವಿಡಿಯೋದಾಗ ನನ್ನ ಬೆನ್ನಷ್ಟ ಕಾಣತಿತ್ತು. ಮಾರಿ ನೋಡಿ ಅವರಿಗೆ ಗುರ್ತ ಸಿಗಲಿಲ್ಲ.

“ಹೌದ್ರಿ, ತಿಳಿಗೇಡಿ,” ಅಂದೆ.

ಚಿಕ್ಕೋಡಿ ಬಂದಾಗ ಅವರಿಗೆ ಬೆನ್ನು ತೋರಿಸದಂಗ ಹಿಂದ ಹಿಂದ ಸರಕೋತ ಇಳದೆ.