ಕೋಸಿನ ಎಲೆ ತಿಂದ ಮೊಮ್ಮಗಳು

ಎಲೆಕೋಸು ಬೆಳೆಯುವ ಅವಳನ್ನು ಎಲ್ಲರೂ ಕೋಸಕ್ಕ ಎನ್ನುತ್ತಿದ್ದರು. ಹಿಂದೊಮ್ಮೆ ಹುಳಕ್ಕೆ ಔಷಧಿ ಹೊಡೆಯುತ್ತಿದ್ದ ಗಂಡ ಹೊಲದಲ್ಲೇ ನೊರೆ ಕಾರಿ ಬಿದ್ದದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಅವನೇನೋ ಬದುಕಿಕೊಂಡ, ಆದರೆ ಇವತ್ತಿಗೂ ಲೋಟ ಹಿಡಿದರೆ ಕೈ ನಡುಗುತ್ತದೆ. ಆಮೇಲೆ ಅವಳು ಆ ವಿಷದ ಸಹವಾಸ ಬಿಟ್ಟು, ಬ್ಯಾಕ್ಟೀರಿಯಾದಿಂದ ತೆಗೆದ ಪ್ರೋಟೀನಿನ ಪುಡಿ ತಂದಳು.

"ಇದನ್ನ ತಿಂದ್ರೆ ಹುಳದ ಕರುಳು ತೂತು ಬೀಳತ್ತೆ, ಅಷ್ಟೇ," ಎಂದಿದ್ದ ಅಂಗಡಿಯವನು.

ಒಂದು ಬೆಳಿಗ್ಗೆ ಪುಡಿಯ ನೀರು ಸಿಂಪಡಿಸಿ ತಿರುಗಿ ನೋಡಿದರೆ, ಪುಟ್ಟ ಮೊಮ್ಮಗಳು ಸಾಲಿನ ನಡುವೆ ಕೂತು ಒದ್ದೆ ಎಲೆ ಅಗಿಯುತ್ತಿದ್ದಳು. ಕೋಸಕ್ಕನ ಜೀವ ಬಾಯಿಗೆ ಬಂತು. ಪೊಟ್ಟಣ ಹಿಡಿದು, ಮಗುವನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದಳು.

"ಡಾಕ್ಟ್ರಮ್ಮ, ನನ್ನ ಕೂಸಿನ ಕರುಳು ಉಳಿಸ್ಕೊಡಿ!"

ಡಾಕ್ಟರಮ್ಮ ಪೊಟ್ಟಣ ಓದಿ, ಮಗುವಿನ ಹೊಟ್ಟೆ ಒತ್ತಿ ನೋಡಿದರು. "ಹೆದರ್ಬೇಡಿ ಅಜ್ಜಿ. ಇದು ಅಂಟ್ಕೊಳ್ಳೋ ಜಾಗ ಹುಳದ ಕರುಳಲ್ಲಿದೆ, ನಮ್ಮದ್ರಲ್ಲಿಲ್ಲ. ಬೇಳೆ ಅರಗಿದ ಹಾಗೆ ಅರಗಿಹೋಗತ್ತೆ. ಆದ್ರೂ ಸಂಜೆವರೆಗೂ ಇಲ್ಲೇ ಇರಿ."

ಆ ಕೊನೆಯ ಮಾತೇ ಅವಳನ್ನು ಕೊಂದಿತು. ಏನೂ ಆಗದಿದ್ದರೆ ಇರಲು ಹೇಳುವುದೇಕೆ? ಬೆಂಚಿನ ಮೇಲೆ ಮಗುವಿನ ಹೊಟ್ಟೆಗೆ ಅಂಗೈ ಒತ್ತಿ ಕೂತಳು. ಮಗು ಆಕಳಿಸಿದರೂ ಬೆಚ್ಚಿಬೀಳುತ್ತಿದ್ದಳು.

ಬಿಸಿಲು ಇಳಿಯುವ ಹೊತ್ತಿಗೆ ಮಗು ಸೆರಗು ಜಗ್ಗಿ, "ಅಜ್ಜೀ, ಹಸಿವು," ಎಂದಿತು. ಕೋಸಕ್ಕ ಗಳಗಳನೆ ಅತ್ತುಬಿಟ್ಟಳು.

ಪುಡಿಯನ್ನು ಅವಳು ಬಿಡಲಿಲ್ಲ. ಆದರೆ ಸಿಂಪಡಿಸುವ ದಿನ ಮೊಮ್ಮಗಳನ್ನು ಗಂಡನ ತೊಡೆಯ ಮೇಲೆ ಕೂರಿಸಿ, ಹೊರಗಿನಿಂದ ಚಿಲಕ ಹಾಕಿ ಹೋಗುತ್ತಾಳೆ.