ಪುಟ್ಟಮ್ಮನ ಬಂಡೆ

ಆಗೆಲ್ಲ ನಂದಗುಡಿ ಕಡೆಯ ನಮ್ಮೂರಿನಲ್ಲಿ ಅವರೆಕಾಯಿ ಕಾಲ ಬಂತೆಂದರೆ ಮಕ್ಕಳ ಬೆರಳಿಗೂ ಅದರ ಸೊಗಡು ಅಂಟಿರುತ್ತಿತ್ತು. ನನಗೆ ಹತ್ತು ವರ್ಷ. ಒಂದು ಮಧ್ಯಾಹ್ನ ನೆನೆದ ಕಾಳು ಹಿತುಕುತ್ತಾ ಅಜ್ಜಿ ನನಗೆ ಪುಟ್ಟಮ್ಮನ ವಿಷಯ ಹೇಳಿದಳು.

ಪುಟ್ಟಮ್ಮ ನಮ್ಮ ಮನೆತನದಲ್ಲೇ ಹಿಂದೆ ಹುಟ್ಟಿದ ಹೆಣ್ಣುಮಗಳು. ಬೇರೆ ಜಾತಿಯವನ ಜೊತೆ ಹೊರಟುಹೋಗಿದ್ದಳಂತೆ. ಸಿಟ್ಟೆಲ್ಲ ಇಳಿದಿದೆ, ಹಬ್ಬಕ್ಕೆ ಬಾ ಎಂದು ಅಣ್ಣಂದಿರೇ ಕರೆಸಿಕೊಂಡು, ಊರ ಹಿಂದಿನ ಗುಡ್ಡದ ಬಂಡೆಯಿಂದ ತಳ್ಳಿದರಂತೆ.

“ತಳ್ಳಿದೋರು ನಮ್ಮೋರೇ ಕಣವ್ವ. ಇದು ಮನೆ ಹೆಣ್ಮಕ್ಕಳು ಇಟ್ಕೊಂಡಿರೋ ಮಾತು. ಯಾರ್ ಹತ್ರಾನೂ ಆಡಬ್ಯಾಡ.”

ನನ್ನ ಹೊಟ್ಟೆಯಲ್ಲಿ ಅದು ನಿಲ್ಲಲಿಲ್ಲ. ಬೈಕಿನ ಮುಂದೆ ಕೂರಿಸಿಕೊಂಡು ಊರೆಲ್ಲ ಸುತ್ತಿಸುವ ಚಿಕ್ಕಪ್ಪನೆಂದರೆ ನನಗೆ ಪ್ರಾಣ. ಮಂಕಾಗಿದ್ದ ನನ್ನನ್ನು ಕಂಡು ಏನಾಯಿತೆಂದು ಕೇಳಿದ.

“ಅಜ್ಜಿ ಹೇಳಬ್ಯಾಡ ಅಂದವ್ಳೆ.”

“ನಾನೇನು ಹೊರಗಿನೋನಾ? ಯಾರಿಗೂ ಹೇಳಲ್ಲ, ನಿನ್ನಾಣೆ.”

ಹೇಳಿಬಿಟ್ಟೆ.

ಮರುವರ್ಷ, ಅವನು ಕೆಲಸಕ್ಕಿದ್ದ ಗುಡ್ಡದ ಕೆಳಗಿನ ರೆಸಾರ್ಟಿನವರು ಬೆಂಗಳೂರಿನಿಂದ ಬರುವವರಿಗಾಗಿ ಬಂಡೆಯವರೆಗೆ ಕಾಲುದಾರಿ ಮಾಡಿದರು. ಶುರುವಾದ ದಿನ ಚಿಕ್ಕಪ್ಪ ನನ್ನನ್ನೂ ಅಜ್ಜಿಯನ್ನೂ ಕರೆದೊಯ್ದ. ದಾರಿಯುದ್ದಕ್ಕೂ ಕೆಂಪು ಬಣ್ಣದ ಹೆಜ್ಜೆಗಳು. ಲಂಟಾನ ಪೊದೆಯೊಳಗಿನ ಸ್ಪೀಕರಿನಿಂದ ಹೆಂಗಸಿನ ಕಿರುಚಾಟ. ಅಜ್ಜಿ ನನ್ನ ಕೈ ಬಿಗಿಯಾಗಿ ಹಿಡಿದು ಏದುಸಿರು ಬಿಡುತ್ತಾ ಹತ್ತಿದಳು. ಬಂಡೆಯ ಮೇಲೆ ನಾಲಗೆ ಚಾಚಿ, ತಲೆ ಕೆದರಿಕೊಂಡು ನಿಂತಿದ್ದ ಸಿಮೆಂಟಿನ ಹೆಣ್ಣು, ಪಕ್ಕದಲ್ಲೊಂದು ಬೋರ್ಡು.

ಅಜ್ಜಿಗೆ ಓದು ಬಾರದು. “ಏನು ಬರ್ದವ್ರೆ, ಓದವ್ವ.”

ಓದಿದೆ. “ರಕ್ತಪಿಶಾಚಿ ಪುಟ್ಟಮ್ಮ. ಒಡಹುಟ್ಟಿದ ಅಣ್ಣಂದಿರನ್ನೇ ಕೊಂದು ತಿಂದವಳು.”

ಅಜ್ಜಿ ಆ ಬೊಂಬೆಯತ್ತ ಕೈ ತೋರಿಸಿದಳು. “ಆ ಹೆಸ್ರು ಇವ್ರಿಗೆ ಯಾರು ಹೇಳಿದ್ರು?”

ಚಿಕ್ಕಪ್ಪ ನಗುತ್ತಾ ನನ್ನ ತಲೆ ಸವರಿದ. “ಎಲ್ಲಾ ನಿನ್ ಮೊಮ್ಮಗಳು ಕೊಟ್ಟಿದ್ದೇ ಕಣವ್ವ.”

ಅಜ್ಜಿ ನನ್ನ ಕೈ ಬಿಟ್ಟಳು. ಬಂಡೆಗಳನ್ನು ಹಿಡಿದು ಹಿಡಿದು ಒಬ್ಬಳೇ ಇಳಿದು ಹೋದಳು.

“ಆಣೆ ಇಟ್ಟಿದ್ದೆ ನೀನು,” ಎಂದು ನಾನು ಅಳತೊಡಗಿದೆ. “ಅವಳು ಯಾರನ್ನೂ ತಿನ್ನಲಿಲ್ಲ. ಅವರೇ ತಳ್ಳಿದ್ದು.”

“ಮೆಲ್ಲಗೆ ಮಾತಾಡೇ!” ಚಿಕ್ಕಪ್ಪ ಸುತ್ತ ನೋಡಿದ. “ನಿಜ ಬರೆಸಿದ್ರೆ ನಮ್ಮನೆ ಮರ್ಯಾದೆ ಏನಾಗ್ತಿತ್ತು? ಸತ್ತೋಳಿಗೆ ಏನಂತೆ, ಬಿಡು.”

ಪುಟ್ಟಮ್ಮನನ್ನು ಕರೆಸಿದಾಗ ಅಣ್ಣಂದಿರ ದನಿಯೂ ಇಷ್ಟೇ ಸಲೀಸಾಗಿತ್ತೇನೋ ಎಂದು ಈಗ ಅನ್ನಿಸುತ್ತದೆ. ಅವತ್ತು ಗೊತ್ತಾಗಿದ್ದು ಇಷ್ಟೇ: ಇನ್ನೆಂದೂ ನಾನು ಅವನ ಬೈಕು ಹತ್ತುವುದಿಲ್ಲ.

ಅಜ್ಜಿ ನನ್ನನ್ನು ಬೈಯಲಿಲ್ಲ. ತಲೆ ಬಾಚಿದಳು, ಜ್ವರ ಬಂದಾಗ ಪಕ್ಕದಲ್ಲೇ ಕೂತಳು. ಆದರೆ ಅಂಥ ಮಾತು ಒಂದನ್ನೂ ಮತ್ತೆ ನನ್ನ ಮುಂದೆ ತೆಗೆಯಲಿಲ್ಲ. ಕೇಳಿದರೆ, “ನಂಗೇನೂ ಗ್ಯಾಪಕ ಇಲ್ಲ, ಹೋಗವ್ವ,” ಎನ್ನುತ್ತಿದ್ದಳು. ಸಾಯುವವರೆಗೂ ಅಷ್ಟೇ.

ಆ ದಾರಿಯಲ್ಲಿ ಇಂದಿಗೂ ಭಾನುವಾರ ಜನ ಕಿರುಚುತ್ತಾ, ನಗುತ್ತಾ ಹತ್ತುತ್ತಾರೆ. ಪುಟ್ಟಮ್ಮ ನಂಬಿ ಹೋದವನ ಹೆಸರೇನು, ಅವಳಿಗೆ ಮಕ್ಕಳಿದ್ದವೇ, ನನಗೆ ತಿಳಿಯದು. ತಿಳಿದಿದ್ದ ಒಬ್ಬಳಿಗೆ ನನ್ನ ಮೇಲೆ ಪ್ರೀತಿಯೇನೋ ಉಳಿದಿತ್ತು; ನಂಬಿಕೆ ಉಳಿದಿರಲಿಲ್ಲ.